ಮಾವನ ಮುಳ್ಳು ಸೊನ್ನೆಗೆ ಬಂದ ದಿನ

ನೀವು ನಂಬೋದಿಲ್ಲ. ನಂಬಿ ಅಂತ ನಾನೂ ಕೇಳೋದಿಲ್ಲ, ಕೇಳಿದರೆ ನನ್ನ ಮರ್ಯಾದೆ ಏನಾಗಬೇಕು? ಆದರೂ ಹೇಳಿಬಿಡುತ್ತೇನೆ: ಹೆಣ್ಣು ಕೊಟ್ಟ ಅತ್ತೆಯನ್ನು ಕಡಲೆಕಾಯಿ ಮೂಟೆಯ ಮೇಲೆ ಕೂರಿಸಿ, ‘ಸ್ವಲ್ಪ ಹೊತ್ತು ಉಸಿರು ಬಿಡಬ್ಯಾಡ್ರಿ’ ಅಂದ ಅಳಿಯ ಇಡೀ ಚಳ್ಳಕೆರೆಯಲ್ಲಿ ಒಬ್ಬನೇ. ಅವನು ನನ್ನ ಸೋದರಮಾವ.

ಮಾವನಿಗೆ ಸೊಟ್ಟ ಕಂಡರೆ ಮೈ ಉರಿಯುತ್ತದೆ. ಮದುವೆಗೆ ಹೋದರೆ ಗಂಡು ಹೆಣ್ಣನ್ನು ಬಿಟ್ಟು ಚಪ್ಪರದ ಕಂಬ ನೋಡುತ್ತಾನೆ. ಒಮ್ಮೆ ಕಟಿಂಗ್ ಶಾಪಿಗೆ ಹೋದವನು ಅಲ್ಲಿನ ಕನ್ನಡಿಯನ್ನು ನೆಟ್ಟಗೆ ಮಾಡಿ, ಕೂದಲು ಕತ್ತರಿಸಿಕೊಳ್ಳುವುದನ್ನೇ ಮರೆತು ಮನೆಗೆ ಬಂದ! ಅವನ ಮೀಸೆ ಮಾತ್ರ ಎಡಕ್ಕೆ ವಾಲಿದೆ. ಅದನ್ನು ನಾವ್ಯಾರೂ ಅವನಿಗೆ ಹೇಳಿಲ್ಲ. ಮನೆಯ ನೆಮ್ಮದಿ ಮುಖ್ಯ ನೋಡಿ.

ನಮ್ಮದು ಎಣ್ಣೆ ಗಿರಣಿಯ ಗೋಡೆಗೆ ಅಂಟಿಕೊಂಡ ಮನೆ. ಮುಂದಿನ ಕೋಣೆಯಲ್ಲಿ ಮಾವ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುತ್ತಾನೆ. ನಡುಮನೆಯಲ್ಲಿ ಅವ್ವ ಹೊಲಿಗೆ ಹಾಕುತ್ತಾಳೆ. ಹೊಲಿಗೆ ಮಷೀನು ಅವ್ವನ ಅವ್ವನದು. ಆಕೆ ತೀರಿಹೋದಾಗ ಮಾವನಿಗೆ ಚಡ್ಡಿ ಹಾಕಿಕೊಳ್ಳಲೂ ಒಪ್ಪದ ವಯಸ್ಸಂತೆ. ಅದೇ ಮಷೀನಿನಲ್ಲಿ ಚಡ್ಡಿ ಹೊಲಿದು, ಬೀದಿಯೆಲ್ಲಾ ಅಟ್ಟಾಡಿಸಿ ಹಿಡಿದು ಹಾಕಿದವಳು ಅವ್ವ.

ಆ ಮಷೀನಿಗೆ ವಯಸ್ಸಾಯಿತು. ಸೂಜಿಯ ಕೆಳಗೆ ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲಿನ ಪಟ್ಟಿ ಇರುತ್ತದಲ್ಲ, ಅದು ಸವೆದು ಬೋಳಾಯಿತು. ಬಟ್ಟೆ ನಿಂತಲ್ಲೇ ನಿಲ್ಲುತ್ತಿತ್ತು, ಸೂಜಿ ಒಂದೇ ತೂತಿಗೆ ಚುಚ್ಚುತ್ತಿತ್ತು. ಚಿತ್ರದುರ್ಗ, ಬಳ್ಳಾರಿ ಎಲ್ಲಾ ಅಲೆದರೂ ಆ ಹಳೇ ಮಷೀನಿನ ಹಲ್ಲು ಸಿಗಲಿಲ್ಲ. ಕೊನೆಗೆ ಅವ್ವ ಗುಜರಿ ಸಾಬರಿಗೆ ಹೇಳಿದಳು, “ತಗೊಂಡ್ಹೋಗಪ್ಪ.” ಅವರು “ಜುಮ್ಮಾ ದಿನ ಬರ್ತೀನಿ ಬೆಹನ್, ಶುಕ್ರವಾರ” ಅಂದು ಹೋದರು. ಅವರು ಆ ಕಡೆ ಹೋದ ಮೇಲೆ ಅವ್ವ ಮಷೀನಿಗೆ ಎಣ್ಣೆ ಬಿಟ್ಟು ಒರೆಸಿದಳು. ಗುಜರಿಗೆ ಕೊಡುವ ಮಷೀನಿಗೆ ಯಾರಾದರೂ ಎಣ್ಣೆ ಬಿಡುತ್ತಾರಾ? ಮಾವ ಬಾಗಿಲಲ್ಲಿ ನಿಂತು ನೋಡಿದ.

“ಅಕ್ಕಾ, ಕೊಡಬ್ಯಾಡ. ಹಲ್ಲು ನಾನು ಮಾಡ್ಕೊಡ್ತೀನಿ.”

“ನೀನೇನು ಹಲ್ಲಿನ ಡಾಕ್ಟ್ರಾ? ಸುಮ್ನೆ ಉಣ್ಣೋಗು.”

ಮಾವ ಉಣ್ಣಲು ಹೋಗಲಿಲ್ಲ, ಬೆಂಗಳೂರಿಗೆ ಹೋದ! ಬಸ್ಸಿನ ಟಾಪಿನ ಮೇಲೆ ಒಂದು ಮರದ ಪೆಟ್ಟಿಗೆ ಹಾಕಿಕೊಂಡು ಬಂದ. ಬೆರಳುದ್ದದ ಹಲ್ಲಿಗಾಗಿ ಒಂದು ಇಡೀ ಮಿಲ್ಲಿಂಗ್ ಮಷೀನು! ದೊಡ್ಡ ಫ್ಯಾಕ್ಟರಿಯದಲ್ಲ, ಹವ್ಯಾಸಕ್ಕೆ ಮನೆಯಲ್ಲಿ ಇಟ್ಟುಕೊಳ್ಳುವ ಮರಿ. ಕೆಳಗೊಂದು ಮೇಜು, ಹಿಂದೊಂದು ಕಂಬ, ಕಂಬದ ಮೇಲೊಂದು ತಲೆ. ತಲೆಯಲ್ಲಿ ತಿರುಗುವ ಕಟರ್ ಮೇಜಿನ ಮೇಲಿನ ಕಬ್ಬಿಣವನ್ನು ಕೆರೆಯುತ್ತದೆ. ಬೀದಿಯವರು ಒಬ್ಬೊಬ್ಬರೇ ಬಂದು ನೋಡಿದರು. ಎದುರುಮನೆಯಾಕೆ ಮೊರದ ತುಂಬಾ ರಾಗಿ ತಂದು, “ನಂದು ಸ್ವಲ್ಪ ನುಣ್ಣಗೆ ಬೀಸ್ಕೊಡಪ್ಪ” ಅಂದಳು.

ಮಾವ ಕಬ್ಬಿಣದ ತುಂಡೊಂದನ್ನು ಇಟ್ಟು ಮೊದಲ ಸಲ ಕೆರೆದ. ಹೊರಬಂದದ್ದು ಗುಡಿಸಲ ಚಾವಣಿಯಂತೆ ಇಳಿಜಾರು! ಮಾವನ ಮುಖದ ಬಣ್ಣವೇ ಹೋಯಿತು. ಸೊಟ್ಟ ಕಂಡರಾಗದವನ ಮನೆಗೆ ಸೊಟ್ಟ ಮಷೀನು! ಕಂಬ ನೆಟ್ಟಗಿಲ್ಲದಿದ್ದರೆ ಹಲ್ಲೂ ನೆಟ್ಟಗೆ ಬರುವುದಿಲ್ಲ. ಗಡಿಯಾರದಂತೆ ಮುಳ್ಳಿರುವ ಡಯಲ್ ಗೇಜ್ ಹಚ್ಚಿ ನೋಡಿದ. ಎಲ್ಲ ಸರಿಯಿದ್ದರೆ ಮುಳ್ಳು ಸೊನ್ನೆಯಲ್ಲಿ ನಿಲ್ಲಬೇಕು. ಅದೋ, ಸಂತೆಗೆ ಹೊರಟಂತೆ ಓಡಿತು.

ಕಂಬದ ಬೋಲ್ಟು ಬಿಚ್ಚಿ ಎತ್ತಿದ. ಬುಡದಲ್ಲಿ ಏನಿತ್ತು ಹೇಳಿ? ಅರಿಶಿನ ಹಚ್ಚಿದ ಅಕ್ಕಿಕಾಳು! ಮಷೀನು ಜೋಡಿಸುವಾಗ ಪೂಜೆ ಮಾಡಿದ ಅತ್ತೆ, ಅಂದರೆ ಮಾವನ ಹೆಂಡತಿ, ಮನೆಗೆ ಪಾಯ ಹಾಕುವಾಗಿನಂತೆ ಕಂಬದ ಕೆಳಗೆ ಅಕ್ಷತೆ ಹಾಕಿದ್ದಳು.

“ಯಾರೇ ಇದನ್ನ ಹಾಕಿದ್ದು?”

“ನಾನೇ ಹಾಕಿದ್ದು. ದೇವ್ರ ಅಕ್ಷತೆ ರೀ, ತೆಗೀಬ್ಯಾಡ್ರಿ.”

“ದೇವ್ರೇ ಬಂದು ಕೂತಿದ್ರೂ ಎಬ್ಬಿಸ್ತಿದ್ದೆ!”

ಅಕ್ಷತೆ ಒರೆಸಿದರೂ ಕಂಬ ಕೂದಲೆಳೆಯಷ್ಟು ಹಿಂದಕ್ಕೆ ವಾಲಿತ್ತು. ಬುಡಕ್ಕೆ ಏನಾದರೂ ತೆಳ್ಳಗಿನದು ಕೊಡಬೇಕು. ಮಾವ ಊದುಕಡ್ಡಿ ಪೊಟ್ಟಣ ಕತ್ತರಿಸಿ ಕೊಟ್ಟ, ದಪ್ಪವಾಯಿತು. ಬಿಸ್ಕತ್ತಿನ ಕಾಗದ ಕೊಟ್ಟ, ತೆಳುವಾಯಿತು. ಕೊನೆಗೆ ಹೊಂದಿದ್ದು ಯಾರದೋ ಲಗ್ನಪತ್ರಿಕೆ. ಇನ್ನೊಂದು ಮೂಲೆಗೆ ಕತ್ತರಿಸೋಣ ಅಂದರೆ ಉಳಿದ ಪತ್ರಿಕೆಯನ್ನು ಪಕ್ಕದ ಮನೆಯ ಮೇಕೆ ತಿಂದುಬಿಟ್ಟಿತ್ತು! ಬಡವರ ಪತ್ರಿಕೆ ತೆಳು, ಸಾಹುಕಾರರದು ದಪ್ಪ. ಸರಿಯಾದ ದಪ್ಪಕ್ಕಾಗಿ ಮಾವ ಕರೆಯದ ಮದುವೆಗೂ ಹೋಗಿ, ಊಟ ಮಾಡದೆ ಪತ್ರಿಕೆ ಕೇಳಿ ತಂದ. ಆ ಮನೆಯವರು ಇವತ್ತಿಗೂ ಅವನನ್ನು ಗಂಡಿನ ಕಡೆಯ ದೊಡ್ಡ ಮನುಷ್ಯ ಅಂದುಕೊಂಡಿದ್ದಾರೆ.

ಮುಳ್ಳು ಸೊನ್ನೆಗೆ ಬಂತು! ಮಾವ ಕುಣಿದ. ಕುಣಿದದ್ದೇ ತಪ್ಪಾಯಿತು, ಮುಳ್ಳೂ ಕುಣಿಯಿತು. ಆಗ ತಿಳಿಯಿತು, ನಮ್ಮ ನೆಲವೇ ಗಟ್ಟಿಯಿಲ್ಲ. ಮರಳಿನ ಮೇಲೆ ಹಾಸಿದ ಕಡಪ ಕಲ್ಲು. ಯಾರು ಎಲ್ಲಿ ಕಾಲಿಟ್ಟರೂ ಮಷೀನು ಒಂದಿಷ್ಟು ವಾಲುತ್ತದೆ. ಇನ್ನೊಂದು ಮಜಾ ಕೇಳಿ: ಕರೆಂಟು ಬಂದರೆ ಪಕ್ಕದ ಗಿರಣಿ ಶುರುವಾಗಿ ಮನೆಯೆಲ್ಲಾ ಗಡಗಡ. ಕರೆಂಟು ಹೋದರೆ ಮುಳ್ಳು ತಪಸ್ಸಿಗೆ ಕೂತಂತೆ ಸೊನ್ನೆಯಲ್ಲಿ ನಿಲ್ಲುತ್ತದೆ. ಆದರೆ ಕರೆಂಟಿಲ್ಲದೆ ಮಿಲ್ಲಿಂಗ್ ಮಷೀನು ತಿರುಗುವುದು ಹೇಗೆ ಸ್ವಾಮಿ? ಕರೆಂಟೂ ಇರಬೇಕು, ಗಿರಣಿಯೂ ನಿಲ್ಲಬೇಕು. ಅಂದರೆ ಗಿರಣಿಯವರು ಊಟಕ್ಕೆ ಕೂತ ಹೊತ್ತಿನಲ್ಲೇ ಕರೆಂಟು ಇರಬೇಕು. ಆ ಯೋಗ ಕೂಡಿಬಂದದ್ದು ಶುಕ್ರವಾರ ಮಧ್ಯಾಹ್ನ! ಗುಜರಿ ಸಾಬರು ಇನ್ನೂ ಬಂದಿಲ್ಲವೆಂದು ಅವ್ವ ಅವರನ್ನು ಕರೆಯಲು ಪೇಟೆಗೆ ಹೋಗಿದ್ದಳು.

“ಎಲ್ರೂ ಬರ್ರಿ!” ಮಾವ ಕೂಗಿದ. ನೆಲ ವಾಲದಂತೆ ನಮ್ಮನ್ನೇ ಒಬ್ಬೊಬ್ಬರಾಗಿ ತೂಕಕ್ಕೆ ನಿಲ್ಲಿಸಿದ.

ಮಗಳ ಮನೆಗೆ ಬಂದಿದ್ದ ಮೊಳಕಾಲ್ಮೂರು ಅಜ್ಜಿ, ಅಂದರೆ ಅತ್ತೆಯ ಅವ್ವ, ಮೂಲೆಯ ಕಡಲೆಕಾಯಿ ಮೂಟೆಯ ಮೇಲೆ. ಅತ್ತೆ ಕಂಬದ ಪಕ್ಕ, ಸೊಂಟದಲ್ಲಿ ನೀರಿನ ಕೊಡ. ನಾನು ಹೊಸ್ತಿಲ ಬಳಿ ಒಂಟಿ ಕಾಲಲ್ಲಿ. ಎರಡೂ ಕಾಲೂರಿದರೆ ತೂಕ ಜಾಸ್ತಿಯಂತೆ! ಅದು ವಿಜ್ಞಾನವಲ್ಲ ಅಂತ ಹತ್ತನೇ ಕ್ಲಾಸಿನ ನನಗೂ ಗೊತ್ತು. ಹೇಳಿದರೆ ಕೇಳಬೇಕಲ್ಲ!

“ಅಮ್ಮಾ, ಒಂಚೂರು ಎಡಕ್ಕೆ ಸರೀರಿ,” ಅಂದ ಮಾವ.

ಅಜ್ಜಿ ಅಳಿಯನನ್ನು ತೆಲುಗಿನಲ್ಲೇ ಅಲ್ಲುಡು ಅನ್ನುತ್ತಾಳೆ. “ಏಮಯ್ಯಾ ಅಲ್ಲುಡು, ನನ್ನೇನು ತೂಕದ ಕಲ್ಲು ಅಂದ್ಕಂಡಿಯಾ? ಪೆಳ್ಳಿ ದಿನ ಧಾರೆ ಆದ ಮ್ಯಾಲೆ ಕಾಲು ಮುಟ್ಟಿದೋನು ನೀನೇ ಏನಯ್ಯಾ?”

“ಇವತ್ತೂ ಮುಟ್ತೀನಿ. ಈಗ ಸ್ವಲ್ಪ ಹೊತ್ತು ಉಸಿರು ಬಿಡಬ್ಯಾಡ್ರಿ, ಮುಳ್ಳು ಅಲ್ಲಾಡ್ತೈತೆ. ಲೇ, ಕೊಡಕ್ಕೆ ಇನ್ನೊಂದು ಲೋಟ ನೀರು ಹಾಕ್ಕಳೇ!”

“ಸೊಂಟ ಮುರೀತೈತೆ ರೀ!” ಅಂದಳು ಅತ್ತೆ.

“ಅಕ್ಕನ ಮಷೀನು ಹೋಗ್ತೈತೆ ಕಣೇ,” ಅಂದ ಮಾವ. ಅವನ ದನಿ ಬೇರೆಯೇ ಆಗಿತ್ತು. ಅತ್ತೆ ಇನ್ನೊಂದು ಲೋಟ ನೀರು ಹಾಕಿಕೊಂಡಳು.

ಮುಳ್ಳು ಸೊನ್ನೆ. ಕಟರ್ ತಿರುಗಿತು. ಒಂದೊಂದೇ ಹಲ್ಲು ಮೂಡತೊಡಗಿತು, ನೆಟ್ಟಗೆ, ಅಚ್ಚುಕಟ್ಟಾಗಿ. ನಾವೆಲ್ಲ ಗುಡಿಯ ಗೊಂಬೆಗಳಂತೆ ನಿಂತಿದ್ದೆವು. ನನ್ನ ಕಾಲು ಮರಗಟ್ಟಿತ್ತು, ಮೂಗಿನ ಮೇಲೆ ನೊಣ ಕೂತಿತ್ತು, ನಾನು ಹೊಡೆಯಲಿಲ್ಲ. ನೊಣದ ತೂಕವನ್ನೂ ಮಾವ ಲೆಕ್ಕಕ್ಕೆ ಹಿಡಿದಿದ್ದರೆ?

ಆಗ ಬಾಗಿಲಲ್ಲಿ ಅವ್ವ. ಅವಳ ಹಿಂದೆ ಗುಜರಿ ಸಾಬರು.

“ಅಕ್ಕಾ, ಅಲ್ಲೇ ನಿಲ್ಲು! ಕಾಲಿಡಬ್ಯಾಡ!”

ಅವ್ವ ಕಾಲಿಟ್ಟಳು. ಅಜ್ಜಿ “ಬಾ ತಾಯೀ, ಬಿಡಿಸು ನನ್ನ” ಅಂತ ಮೂಟೆಯಿಂದ ಎದ್ದೇಬಿಟ್ಟಳು. ಅತ್ತೆಯ ಕೊಡ ಜಾರಿತು. ಮುಳ್ಳು ಹಾರಿತು. ಕಟರ್ ಕಿರ್ ಅಂದಿತು. ಉಳಿದ ಹಲ್ಲುಗಳೆಲ್ಲ ಓರೆ!

ಅವ್ವ ನೀರಿನಲ್ಲಿ ನಡೆದು ಬಂದು ಪ್ಲಗ್ ಕಿತ್ತಳು. “ಮುಗೀತು. ಎದ್ದೇಳ್ರಿ ಎಲ್ಲಾ. ಅನ್ನ ಆರೋಗೈತೆ.”

ಮಾವ ಆ ತುಂಡನ್ನು ಅಂಗೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತ. “ಸೊಟ್ಟ ಆತಕ್ಕಾ.”

ಅವ್ವ ಅದನ್ನು ಇಸಿದುಕೊಂಡು, ಸ್ಕ್ರೂಡ್ರೈವರ್ ತಗೊಂಡು ಹೊಲಿಗೆ ಮಷೀನಿಗೆ ಕೂರಿಸಿದಳು. ಒಂದು ಚಿಂದಿ ಬಟ್ಟೆ ಇಟ್ಟು ತುಳಿದಳು. ಬಟ್ಟೆ ಮುಂದೆ ಹೋಯಿತು! ಆದರೆ ಎಡಕ್ಕೆ ಎಳೆಯಿತು.

“ತೆಗಿ ಅಕ್ಕಾ. ಕೆಟ್ಟೈತೆ,” ಅಂದ ಮಾವ.

“ಎತ್ಕೊಳ್ಳಲಾ ಬೆಹನ್?” ಸಾಬರು ಬಾಗಿಲಿಂದ ಕೇಳಿದರು.

ಅವ್ವ ಸ್ಟೂಲನ್ನು ಬಲಕ್ಕೆ ಎಳೆದುಕೊಂಡು ತಾನೇ ಓರೆಯಾಗಿ ಕೂತಳು. ಬಟ್ಟೆಯನ್ನೂ ಸ್ವಲ್ಪ ಓರೆ ಹಿಡಿದು ತುಳಿದಳು. ಹೊಲಿಗೆ ಗೆರೆ ಎಳೆದಂತೆ ನೆಟ್ಟಗೆ ಬಂತು.

“ಇದು ಕೊಡೋದಲ್ಲಪ್ಪ, ಹೋಗ್ಬಾ,” ಅಂದಳು ಸಾಬರಿಗೆ. ಆಮೇಲೆ ಮಾವನ ಕಡೆ ತಿರುಗದೆ ಕೈ ಚಾಚಿದಳು. “ಅಂಗಿ ಬಿಚ್ಚು. ಕಂಕುಳಲ್ಲಿ ಹರ್ಕಂಡು ಎಷ್ಟು ದಿನ ಓಡಾಡ್ತೀಯಾ?”

ಮಾವ ಬನಿಯನ್ನಿನಲ್ಲಿ ನಿಂತು ಕಾದ. ಅವ್ವ ಹೊಲಿದು, ದಾರ ಹಲ್ಲಲ್ಲಿ ಕಡಿದು, ಅಂಗಿ ಕೊಟ್ಟಳು. ಹೊಲಿಗೆ ನೆಟ್ಟಗಿದೆಯಾ ಅಂತ ಮಾವ ನೋಡಲಿಲ್ಲ. ಹಾಗೇ ತೊಟ್ಟುಕೊಂಡ.