ಕೈ ಸುಡದ ಪರಟೆ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವನು ಹುಕ್ಕೇರಿಯಲ್ಲಿರುವ ನನ್ನ ಸೋದರಮಾವ. ಪ್ರತಿ ಮನೆತನದಲ್ಲೂ 'ಆಗುವುದಿಲ್ಲ' ಎಂದು ಹೇಳುವುದಕ್ಕಾಗಿಯೇ ಒಬ್ಬರು ಇರುತ್ತಾರೆ. ಪಗಾರವಿಲ್ಲದ ಕೆಲಸವಾದರೂ ಅವರು ಒಂದು ದಿನವೂ ರಜೆ ಹಾಕುವುದಿಲ್ಲ. ನಾನು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಾಗ ಮಾವ ಅವ್ವನಿಗೆ, "ಅಕ್ಕಾ, ಹುಡುಗಿಗೆ ಸುಮ್ಮನ ಆಸೆ ಹಚ್ಚಬ್ಯಾಡ. ಡಿಗ್ರಿ ಅನ್ನೂದು ನಮ್ಮಂಥವರ ಮನ್ಯಾಗ ಆಗೂ ಮಾತಲ್ಲ" ಎಂದಿದ್ದ. ಗೋಕಾಕದಲ್ಲಿ ಬಿ.ಎಸ್ಸಿ. ಮುಗಿಸಿ ಬಿ.ಎಡ್. ಸೇರಿದಾಗ, "ಪಾಸಾಗೂದು ಬ್ಯಾರೆ, ಸಾಲಿ ಕಲಸೂದು ಬ್ಯಾರೆ. ಇಕಿ ಮಾತಾಡಿದ್ರ ಬಾಜೂ ಕುಂತವರಿಗೂ ಕೇಳಂಗಿಲ್ಲ" ಎಂದ. ಇದು ಸುಳ್ಳು. ನಮ್ಮ ಮನೆತನದ ಮೊದಲ ಪದವೀಧರೆ ನಾನು ಎಂಬುದನ್ನು ಅಂಕಲಗಿ ಬಸ್ಸಿನಲ್ಲಿ ಬಾಜೂ ಕುಳಿತ ಎಷ್ಟೋ ಜನರಿಗೆ, ಅವರು ಕೇಳದಿದ್ದರೂ, ಸ್ಪಷ್ಟವಾಗಿ ಕೇಳುವಂತೆ ಹೇಳಿದ್ದೇನೆ. ಅಪ್ಪ, ಅವ್ವ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿದು ಓದಿಸಿದ್ದಾರೆ. ಹೇಳದೆ ಇಟ್ಟುಕೊಳ್ಳುವ ವಿಷಯವೇ ಅದು?

ಆದರೂ ಮೂಡಲಗಿಯ ಶಾಲೆಯೊಂದರ ಆರನೇ ತರಗತಿಯಲ್ಲಿ ಮಾವನ ಮಾತು ನಿಜವಾಗುವ ಹಾಗಿತ್ತು. ಬಿ.ಎಡ್. ಎಂದರೆ ಬರೀ ಓದುವುದಲ್ಲ, ಮಕ್ಕಳಿಗೆ ಪಾಠ ಮಾಡಿ ತೋರಿಸಬೇಕು. ನನಗೆ ಬಂದ ವಿಷಯ ಉಷ್ಣ ಮತ್ತು ಅದು ಹರಿಯುವ ಬಗೆ. ಪುಸ್ತಕದಲ್ಲಿ ಒಂದು ಸುಲಭ ಪ್ರಯೋಗವಿದೆ: ಲೋಹದ ಸರಳಿಗೆ ಮೇಣದಿಂದ ಗುಂಡುಸೂಜಿಗಳನ್ನು ಅಂಟಿಸಿ, ಒಂದು ತುದಿಯನ್ನು ಕಾಯಿಸಿದರೆ ಸೂಜಿಗಳು ಒಂದೊಂದಾಗಿ ಬೀಳುತ್ತವೆ. ನನ್ನ ಕೈಯಲ್ಲಿ ಮೇಣ ಸರಿಯಾಗಿ ಅಂಟಲಿಲ್ಲ. ಬೆಣ್ಣೆಯೂ ನಡೆಯುತ್ತದೆ ಎಂದು ಗೆಳತಿಯೊಬ್ಬಳು ಹೇಳಿದಳು. ಬಿಸಿಲು ಏರಿದ ದಿನ ಡಬ್ಬಿಯಲ್ಲಿ ಬೆಣ್ಣೆ ಇಟ್ಟುಕೊಂಡು ಬಸ್ಸು ಹತ್ತಿದ ವಿಜ್ಞಾನ ಪದವೀಧರೆಯನ್ನು ನೀವು ಕಂಡಿರಲಿಕ್ಕಿಲ್ಲ. ತರಗತಿಯಲ್ಲಿ ಸರಳು ನಿಲ್ಲಿಸಿ, ಸೂಜಿ ಹಚ್ಚಿ, ಕಡ್ಡಿ ಗೀರುವಷ್ಟರಲ್ಲಿ ಐದೂ ಸೂಜಿಗಳು ಮೇಜಿನ ಮೇಲೆ ಬಿದ್ದಿದ್ದವು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಅಕ್ಕೋರ, ಉಷ್ಣ ನಿಮಗಿಂತ ಮೊದಲ ಬಂದೈತ್ರಿ" ಎಂದಳು.

ಹಿಂದೆ ಕುಳಿತು ನೋಡುತ್ತಿದ್ದ ನಮ್ಮ ಮಾರ್ಗದರ್ಶಕ ಸರ್ ಹೊರಗೆ ಕರೆದು, "ಇದು ಅಭ್ಯಾಸದ ಪಾಠ, ಉಳಕೊಂಡ್ರಿ. ಪರೀಕ್ಷಾ ಪಾಠದಾಗ ಹೊರಗಿನ ಸಾಹೇಬರು ಬರ್ತಾರ. ಅವತ್ತೂ ಹಿಂಗ ಆದ್ರ ಸರ್ಟಿಫಿಕೇಟ್ ಇಲ್ಲ, ಮುಂದಿನ ವರ್ಷ ಮತ್ತ ಭೇಟಿ ಆಗೂಣು" ಎಂದರು. ಅಪ್ಪ ಅವ್ವನಿಗೆ ಇನ್ನೊಂದು ವರ್ಷ ದುಡಿಯಿರಿ ಎಂದು ಹೇಳುವ ಬಾಯಿ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕುಳಿತು, ಸ್ಟೀಲ್ ಲೋಟದ ಚಹಾವನ್ನು ಓಢಣಿಯ ತುದಿಯಿಂದ ಹಿಡಿದು, ಊದಿ ಊದಿ ಕುಡಿಯುತ್ತಿದ್ದೆ. ಅಪ್ಪನ ತಾಯಿ, ನಮ್ಮ ಆಯಿ, ನನ್ನ ಅವಸ್ಥೆ ನೋಡಿ ನಕ್ಕಳು. "ಇಷ್ಟಕ್ಕ ಸುಡತೈತೇನ ನಿನಗ? ಚಾದಂಗಡ್ಯಾಗ ನಮಗ ಒಮ್ಮೆರ ಕೈ ಸುಟ್ಟಿದ್ದಿಲ್ಲ ನೋಡು."

"ಯಾಕ ಆಯಿ?"

"ಕಪ್ಪ ಎಲ್ಲಿ ಕೊಡತಿದ್ರು ನಮಗ? ಹೊರಗ ಗ್ವಾಡಿಗೆ ತೆಂಗಿನ ಪರಟಿ ಸಿಗಿಸಿರತಿದ್ರು. ನಾವ ತಕ್ಕೊಂಡು, ನಾವ ತೊಳಕೊಂಡು ಹಿಡೀಬೇಕು. ಅವರು ಮ್ಯಾಲಿಂದ ಸುರೀತಿದ್ರು. ಕೊತಕೊತ ಕುದಿಯೂ ಚಾ. ಕೈಗೆ ಗೊತ್ತ ಆಗತಿದ್ದಿಲ್ಲ."

ಹೇಳಿ ಸುಮ್ಮನಾಗಲಿಲ್ಲ. ಹಿತ್ತಲಿನಿಂದ ಒಂದು ಪರಟೆ, ಒಣಗಿದ ತೆಂಗಿನ ಚಿಪ್ಪು, ತಂದು, ತೊಳೆದು, ನನ್ನ ಲೋಟದ ಚಹಾವನ್ನು ಅದಕ್ಕೆ ಸುರಿದು ಕೈಗಿಟ್ಟಳು. ಖರೆ, ಬಿಸಿ ಕೈಗೆ ಬರಲೇ ಇಲ್ಲ. ಮೂರು ವರ್ಷ ಭೌತಶಾಸ್ತ್ರ ಓದಿದ ನಾನು ಅವಾಹಕ ಎಂಬ ಪದವನ್ನು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿದ್ದೇನೋ, ಅಂಗೈಯಲ್ಲಿ ಹಿಡಿದದ್ದು ಅದೇ ಮೊದಲು. ಪ್ರಯೋಗ ಸಿಕ್ಕಿತು ಎಂದು ಕುಣಿಯುವಷ್ಟು ಖುಷಿಯಾಯಿತು. ಆಯಿ ಹೇಳಿದ್ದರ ಅರ್ಥ ನನ್ನೊಳಗೆ ಇಳಿದದ್ದು ಆಮೇಲೆ. ಖುಷಿಯೇ ಮೊದಲು ಬಂದಿತ್ತು ಎಂಬುದಕ್ಕೆ ಇಂದಿಗೂ ನಾಚಿಕೆಯಿದೆ.

ಪರೀಕ್ಷಾ ಪಾಠಕ್ಕೆ ಪರಟೆಯನ್ನೇ ಒಯ್ಯುತ್ತೇನೆ ಎಂದಾಗ ಅವ್ವ ಹೆದರಿದಳು. "ಬ್ಯಾಡವಾ. ಬರೂ ಸಾಹೇಬ್ರು ಯಾರೋ ಏನೋ. ಇದನ್ನೆಲ್ಲಾ ಹೇಳಾಕ ಹೋಗಿ ನಪಾಸ ಆದಿ ಅಂದ್ರ?"

"ಒಯ್ದ್ರ ಒಯ್ಲಿ ಬಿಡ," ಎಂದಳು ಆಯಿ. "ಪರಟಿಗೇನು ಬಾಯಿ ಐತಿ?"

ಪರಟೆಗೆ ಬಾಯಿ ಇರಲಿಲ್ಲ, ನಿಜ. ಆದರೆ ಆರನೇ ತರಗತಿಯಲ್ಲಿ ಮೂವತ್ತೆರಡು ಬಾಯಿಗಳಿದ್ದವು. ನಾನೂ ಕಡಿಮೆ ಜಾಣೆಯಲ್ಲ. ಯಾರಾದರೂ ಕೇಳಿದರೆ ಇರಲಿ ಎಂದು ಪಾಠಯೋಜನೆಯಲ್ಲಿ ಮೊದಲೇ 'ಪರಿಸರಸ್ನೇಹಿ ಪಾತ್ರೆ' ಎಂದು ಬರೆದುಕೊಂಡಿದ್ದೆ.

ಪರೀಕ್ಷಾ ಪಾಠದ ದಿನ ಹಿತ್ತಾಳೆ ಲೋಟ, ಸ್ಟೀಲ್ ಲೋಟ, ಮಣ್ಣಿನ ಕುಡಿಕೆ, ಪರಟೆ ನಾಲ್ಕನ್ನೂ ಮೇಜಿನ ಮೇಲಿಟ್ಟು ಒಂದೇ ಅಳತೆಯ ಬಿಸಿನೀರು ಹಾಕಿದೆ. ಮಕ್ಕಳು ಸರದಿಯಲ್ಲಿ ಬಂದು ಹೊರಮೈ ಮುಟ್ಟಿದರು. ಹಿತ್ತಾಳೆಯಿಂದ ಎಲ್ಲರ ಬೆರಳೂ ಹಾರಿದಂತೆ ಹಿಂದೆ ಬಂದವು. ಪರಟೆಯನ್ನು ಮಾತ್ರ ಒಬ್ಬೊಬ್ಬರೂ ಎರಡೆರಡು ಸಲ ಮುಟ್ಟಿದರು. ಲೋಹದಲ್ಲಿ ಉಷ್ಣ ಬೇಗ ಹರಿಯುತ್ತದೆ, ಪರಟೆಯಲ್ಲಿ ಹರಿಯಲು ತಡವಾಗುತ್ತದೆ ಎಂದು ನಾನು ಹೇಳುವ ಮೊದಲೇ ಅವರೇ ಹೇಳಿಬಿಟ್ಟರು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಸೂಜಿಯ ದಿನ ಎದ್ದಿದ್ದ ಹುಡುಗಿಯೇ ಮತ್ತೆ ಎದ್ದಳು.

"ಅಕ್ಕೋರ, ಪರಟ್ಯಾಗ ಯಾರ ಕುಡಿತಾರ್ರಿ?"

'ಪರಿಸರಸ್ನೇಹಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಿಂದಿನ ಕುರ್ಚಿಯಲ್ಲಿ ಪರೀಕ್ಷಕರು ಪೆನ್ನು ಹಿಡಿದು ಕುಳಿತಿದ್ದರು. ಅಷ್ಟು ದೂರ ಬಂದ ಪರಟೆಗೆ ಸುಳ್ಳು ಹೆಸರಿಡಲು ಮನಸ್ಸಾಗಲಿಲ್ಲ.

"ನಮ್ಮ ಆಯಿ ಕುಡಿದಾಳ. ಆಗ ಚಾದಂಗಡ್ಯಾಗ ನಮ್ಮವರಿಗೆ ಕಪ್ಪ ಕೊಡತಿದ್ದಿಲ್ಲ. ಪರಟಿ ಕೊಡತಿದ್ರು."

ಪರೀಕ್ಷಕರ ಪೆನ್ನು ನಿಂತಿತು. ಹುಡುಗಿ ಮೇಜಿನ ಮೇಲಿನ ಹಿತ್ತಾಳೆ ಲೋಟವನ್ನೂ ಪರಟೆಯನ್ನೂ ನೋಡಿ, ಲೆಕ್ಕ ಬಿಡಿಸಿದವಳಂತೆ ಹೇಳಿದಳು: "ಹಂಗಾದ್ರ ಕೈ ಸುಟ್ಟಿದ್ದು ಕಪ್ಪ ಹಿಡದವರದ್ರಿ!"

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ, ಕಣ್ಣು ಒರೆಸಿಕೊಳ್ಳಲು ಕಪ್ಪುಹಲಗೆಯ ಕಡೆ ತಿರುಗಿ, ಅಳಿಸುವುದೇನೂ ಇಲ್ಲದ ಜಾಗವನ್ನು ಡಸ್ಟರಿನಿಂದ ಅಳಿಸಿದೆ. ಪರೀಕ್ಷಕರು ನಗಲಿಲ್ಲ. ಪಾಠ ಮುಗಿದ ಮೇಲೆ ಬಂದು ಪರಟೆಯನ್ನು ತಾವೂ ಒಮ್ಮೆ ಮುಟ್ಟಿ, "ಗಾಳ್ಯಾಗ ಉಷ್ಣ ಹೆಂಗ ಹರಿತೈತಿ ಅನ್ನೂದು ಉಳೀತಲ್ರಿ?" ಎಂದರು. "ನಾಳೆ ಮಾಡತೇನ್ರಿ" ಎಂದೆ. ಅವರು ನಾಳೆ ಬರುವವರಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಫಲಿತಾಂಶ ಬಂತು, ಪಾಸಾಗಿದ್ದೆ. ಕಾಲೇಜಿನಿಂದ ಸರ್ಟಿಫಿಕೇಟ್ ತಂದ ದಿನ ಅದನ್ನು ನೇರವಾಗಿ ಆಯಿಯ ಕೈಗೆ ಕೊಟ್ಟೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದಳು. ಅಷ್ಟು ದಿನ ಮುಚ್ಚಿಟ್ಟಿದ್ದನ್ನು ಆಗ ಹೇಳಿದೆ: ಮೂವತ್ತೆರಡು ಮಕ್ಕಳ ಮುಂದೆ, ಹೊರಗಿನ ಸಾಹೇಬರ ಮುಂದೆ ನಿನ್ನ ಪರಟೆಯ ಕಥೆ ಹೇಳಿಬಿಟ್ಟೆ, ಸಿಟ್ಟು ಮಾಡಬೇಡ ಎಂದು. ಆಯಿ ಕಾಗದದ ಮೇಲಿನ ನನ್ನ ಫೋಟೋದ ಮೇಲೆ ಬೆರಳಾಡಿಸಿದಳು.

"ಕೈ ಸುಡತಿದ್ದಿಲ್ಲ ಅಂತ ಹೇಳಿದಿ, ಛಲೋ ಆತು," ಎಂದಳು. "ಆ ಚಾ ಕುಡಿಯುವಾಗ ಹೆಂಗ ಅನಸ್ತಿತ್ತು ಅಂತ ಯಾರೂ ಕೇಳಲಿಲ್ಲೇನು? ಹುಡುಗೂರು ಸಣ್ಣವು, ಬಿಡು. ನೀನರ ಕೇಳಿದೇನು?"