‘ಅವರು’ ಎಲ್ಲಿದ್ದರೂ ಬರಬೇಕು

ಬಾಗಲಕೋಟಿ ಬಸ್ ಸ್ಟ್ಯಾಂಡಿನ್ಯಾಗ ನನ್ನ ಹೆಂಡತಿ ಮೈಕಿನ ಮುಂದ ನಿಂತಳು. ಮುಂದೇನಾತು, ಹೇಳ್ರಿ ನೋಡೋಣ? ಆಗೂದಿಲ್ಲ ಬಿಡ್ರಿ, ನಾನೇ ಹೇಳ್ತೇನಿ. ನಮ್ಮ ಕಡೆ ಗಂಡಿಗೂ ಹೆಣ್ಣಿಗೂ ಮರ್ಯಾದಿ ಕೊಡೂ ಮಾತು ಒಂದೇ, ‘ಅವರು’. ಅದರಿಂದ ಇಂಥವು ಆಗ್ತಲೇ ಇರತಾವ.

೧. ಬಿಸಿನೀರು

ಎಪ್ಪತ್ತರ ದಶಕದಾಗ ನಾನು ಬಾದಾಮಿಯ ಆಫೀಸೊಂದರಲ್ಲಿ ಗುಮಾಸ್ತ. “ಹೊಸ ಸಾಹೇಬರು ನಾಳೆ ರೈಲಿಗೆ ಬರ್ತಾರ. ಅವರಿಗೆ ಏನೂ ಕಡಿಮಿ ಆಗಬಾರದು” ಅಂದರು ಹೆಡ್ ಕ್ಲಾರ್ಕ್. ನಾನು ಬಂಗಲೆಯಲ್ಲಿ ಬಿಸಿನೀರು ಕಾಸಿ, ದಾಡಿ ಮಾಡುವವನನ್ನೂ ಕರೆಸಿ ಕೂಡಿಸಿದೆ. ಟಾಂಗಾದಿಂದ ಇಳಿದವರು ಹೆಣ್ಣುಮಗಳು.

“ಇವರ್ಯಾಕ ಕತ್ತಿ ಮಸೀಲಿಕ್ಕತ್ತಾರ?”

“ನನ್ನ ದಾಡಿಗೆ ಬಂದಾನ್ರಿ, ಮೇಡಂ.”

ಮುಂಜಾನೆಯಷ್ಟೇ ನುಣ್ಣಗೆ ಮಾಡಿಕೊಂಡಿದ್ದ ಗಲ್ಲವನ್ನು ಸಾಹೇಬರ ಎದುರು ಇನ್ನೊಮ್ಮೆ ಒಡ್ಡಿದೆ.

೨. ತಾಳಿ

ಮುಂದೆ ನನ್ನ ಲಗ್ನವಾಯಿತು. ಹೆಂಡತಿ ನನ್ನ ಹೆಸರು ಹೇಳುವವಳಲ್ಲ, ಏನಿದ್ದರೂ ‘ಅವರು’. ಅವಳ ತಮ್ಮನ ಲಗ್ನ ಹುನಗುಂದದಾಗ, ಗೋಧೂಳಿ ಮುಹೂರ್ತ. ಬೀಗರೆಲ್ಲ ಮುಂದ ಹೋಗಿದ್ದರು. ಅಕ್ಕಸಾಲಿಗರಿಂದ ಬಿಡಿಸಿಕೊಂಡ ತಾಳಿ ನನ್ನ ಕಿಸೆಯಲ್ಲಿ. ಬಾಗಲಕೋಟಿ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ನಾನು ಮಿರ್ಚಿ ಭಜಿ ತಿನ್ನಲು ಜಾರಿದೆ. ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಹೆಂಡತಿ ಕಂಟ್ರೋಲರ ಕಡೆ ಓಡಿದಳು.

“ನಮ್ಮವರು ಕಾಣವಲ್ಲರಿ.”

“ಹೆಸರೇನ್ರಿ?”

“ಅವರು.”

ಆತ ನಿರ್ವಾಹವಿಲ್ಲದೆ ಮೈಕಿನಲ್ಲಿ ಕೂಗಿದ: “‘ಅವರು’ ಎಲ್ಲಿದ್ದರೂ ಬರಬೇಕು, ಮನೆಯವರು ಕಾಯುತ್ತಿದ್ದಾರೆ.”

“ಯಾವನೋ ಪಾಪ, ಸಿಕ್ಕಬಿದ್ದ” ಎಂದು ನಾನು ಇನ್ನೊಂದು ಭಜಿ ತರಿಸಿದೆ.

ಅಲ್ಲಿ ಐದಾರು ಗಂಡಸರು ಗಾಬರಿಯಿಂದ ಓಡಿ ಬಂದಿದ್ದರಂತೆ. ಅವರ ಹಿಂದೆ, ಬಸ್ಸಿಗೆ ಕಾಯುತ್ತಿದ್ದ ನಮ್ಮ ಸಾಹೇಬರು, ಬಾದಾಮಿಯ ಅದೇ ಹೆಣ್ಣುಮಗಳು! “ಆಫೀಸಿನ್ಯಾಗ ಎಲ್ಲಾರೂ ನನಗೂ ಅವರು ಅಂತಾರಲ್ಲ, ಏನರ ಅರ್ಜೆಂಟ್ ಇರಬೇಕು ಅಂತ ಬಂದೆ” ಅಂದರಂತೆ.

ಕಂಟ್ರೋಲರ್ ಕೈಮುಗಿದ: “ತಂಗೀ, ಲಗ್ನದಾಗ ಒಡಪು ಕಟ್ಟಿ ಗಂಡನ ಹೆಸರು ಹೇಳಿದ್ದಿಲ್ಲೇನವಾ? ಹಂಗರ ಹೇಳು. ಬಸ್ ಹೊಂಟತಿ.”

ಮೈಕಿನಲ್ಲಿ ಇಡೀ ಸ್ಟ್ಯಾಂಡಿಗೆ ಕೇಳಿಸಿತು:

“ಇಳಕಲ್ಲ ಸೀರಿಗೆ ಕೆಂಪಾನ ಸೆರಗ,
ಬಾದಾಮಿ ಗುಡ್ಡಕ್ಕ ಸಂಜೀಯ ಮೆರಗ,
ತಾಳಿ ಕಿಸೇದಾಗ, ವಸಂತರಾಯರು ಹೊರಗ!”

ಸ್ಟ್ಯಾಂಡೆಲ್ಲ ಚಪ್ಪಾಳೆ. ಡ್ರೈವರ್ ಬಸ್ಸು ಬಂದ್ ಮಾಡಿ ನಗುತ್ತ ಕೂತ. ನಾನು ಭಜಿ ಹಿಡಿದುಕೊಂಡೇ ಓಡಿದೆ. ಹೆಂಡತಿ ನೆತ್ತಿಯ ಮೇಲೆ ಸೆರಗು ಎಳೆದುಕೊಂಡು, ಕಂಟ್ರೋಲರಿಗೆ ತಣ್ಣಗೆ ತೋರಿಸಿದಳು:

“ಇವರೇ ನೋಡ್ರಿ, ಅವರು.”

ಮುಹೂರ್ತಕ್ಕೆ ತಾಳಿ ಮುಟ್ಟಿತು. ಅವತ್ತು ಅಕ್ಷಯ ತದಿಗಿ, ತಡವಾಗಿದ್ದರೂ ದಿನವೆಲ್ಲ ಒಳ್ಳೇ ಮುಹೂರ್ತವೇ!