ಟವಲ್ ಕೆಳಗಿನ ಅರ್ಧ ಮುದ್ದೆ

ಯಮನೇ ಬಂದು ಬಾಗಿಲು ತಟ್ಟಿದ್ರೂ ನನ್ನ ಭಾವಮೈದ ಮೊದಲು ಹೆಗಲ ಮೇಲಿನ ಟವಲ್ ತೆಗೆದು ಯಮನ ಕೈ ಮೇಲೆ ಹಾಕ್ತಾನೆ ಅಂತ ಚಿಂತಾಮಣಿ ಊರ ತುಂಬಾ ಹೇಳ್ಕೊಂಡು ನಗ್ತಿದ್ದೆ. ಅಂಥಾ ಮಾತು ಆಡಬಾರದಿತ್ತು. ಆಡ್ದೆ. ನನ್ನ ನಾಲಿಗೆಗೆ ಮೂಗುದಾರ ಹಾಕೋರು ಇನ್ನೂ ಹುಟ್ಟಿಲ್ಲ ನೋಡಿ!

ಅವನು ದನದ ದಲ್ಲಾಳಿ. ಸಂತೇಲಿ ರೇಟು ಬಾಯಲ್ಲಿ ಹೇಳಂಗಿಲ್ಲ. ಟವಲ್ ಮುಚ್ಚಿ, ಒಳಗೆ ಬೆರಳು ಹಿಡಿದು ಹೇಳ್ಬೇಕು. ಎರಡು ಬೆರಳು ಹಿಡಿದ್ರೆ ಎರಡು. ಒಂದನ್ನ ಅರ್ಧಕ್ಕೆ ಹಿಡಿದ್ರೆ ಅರ್ಧ. ಈ ಚಾಳಿ ಮನೆಗೂ ಬಂತು. ಮಗಳ ಮದುವೆ ಮಾತುಕತೇಲಿ ಬೀಗರ ಕೈ ಮೇಲೂ ಟವಲ್ ಬಿತ್ತು! ಅವರು ಉಡುಗೊರೆ ಅಂದ್ಕೊಂಡು ಮಡಚಿ ಬ್ಯಾಗಿಗೆ ಇಟ್ಕೊಂಡ್ರು.

ಹೋದ ವರ್ಷ ಅವನಿಗೆ ಶುಗರ್ ಏರ್ತು. ನಾನೇ ಆಸ್ಪತ್ರೆಗೆ ಕರ್ಕೊಂಡು ಹೋದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. "ಮುದ್ದೆ, ಅನ್ನ ಕಮ್ಮಿ ಮಾಡಿ. ಸೊಪ್ಪು, ಕಾಳು, ಮೊಟ್ಟೆ ತಿನ್ನಿ," ಅಂದ್ರು. ಇವನು ಕೈ ಚಾಚಿದ. ನಾಡಿ ನೋಡ್ಬೇಕೇನೋ ಅಂತ ಆಕೆ ಹಿಡ್ಕೊಂಡ್ರೆ, ಮೇಲೆ ಟವಲ್!

"ಏನಿದು ಯಜಮಾನ್ರೇ?"

"ವ್ಯಾಪಾರ ಕಣಮ್ಮ. ಹೊತ್ತಿಗೆ ಎರಡು ಮುದ್ದೆ, ಇದು ನಂದು. ನಿಂದು ಹೇಳು."

ಬೆರಳಿನ ಲೆಕ್ಕ ನಾನೇ ಆಕೆಗೆ ಬಿಡಿಸಿ ಹೇಳ್ದೆ. ಆ ತಾಯಿ ನಗ್ತಾ ನಗ್ತಾ ಇವನನ್ನ ಅರ್ಧ ಬೆರಳಿಗೆ ಇಳಿಸಿಬಿಟ್ರು!

"ಅರ್ಧ ಅಂದ್ರೆ ಅರ್ಧ. ಅದಕ್ಕೆ ತಕ್ಕಂಗೆ ಮಾತ್ರೆ ಬರ್ದಿದೀನಿ. ಪೂರ್ತಿ ಬಿಡಂಗಿದ್ರೆ ಮೊದ್ಲು ನನಗೆ ಹೇಳಿ. ಮಾತ್ರೇನೂ ಕಮ್ಮಿ ಮಾಡ್ಬೇಕಾಗುತ್ತೆ."

ನನಗೆ ಸುಮ್ನಿರಕ್ಕಾಗ್ಬೇಕಲ್ಲ! ದಾರೀಲೇ ಕೆಣಕಿದೆ. "ಏನೋ, ಹೆಣ್ಣುಮಗಳ ಹತ್ರ ಸೋತ್ಯಲ್ಲ! ಅರ್ಧ ಮುದ್ದೆ ಕೋಳಿಮರೀನೂ ತಿನ್ನುತ್ತೆ. ಗಂಡಸಾದ್ರೆ ಪೂರ್ತಿ ಬಿಡು."

"ಚೂಡು ಬಾವಾ, ನೋಡ್ತಿರು, ಬಿಟ್ಟೇ ತೋರಿಸ್ತೀನಿ."

ಬಿಟ್ಟ. ಮುದ್ದೇನೂ ಬಿಟ್ಟ, ಅನ್ನಾನೂ ಬಿಟ್ಟ. ಡಾಕ್ಟರಿಗೆ ಹೇಳ್ಲಿಲ್ಲ. ಮಾತ್ರೆ ಮಾತ್ರ ತಪ್ಪದೆ ನುಂಗ್ದ.

ನಾಲ್ಕನೇ ದಿನ ಸಂತೆ. ಮಜಾ ನೋಡಕ್ಕೆ ನಾನೂ ಹೋಗಿದ್ದೆ. ಹೋರಿ ವ್ಯಾಪಾರದ ನಡುವೆ ಟವಲ್ ಒಳಗಿನ ಕೈ ಗಡಗಡ ನಡುಗಕ್ಕೆ ಶುರುವಾಯ್ತು. ಮುಖದ ತುಂಬ ಬೆವರು. "ನೋಡ್ರೋ, ರೇಟು ಏರ್ಸಕ್ಕೆ ಮೈಮೇಲೆ ದೇವ್ರು ಬಂದೋನಂಗೆ ಆಡ್ತವ್ನೆ!" ಅಂತ ಚಪ್ಪಾಳೆ ತಟ್ಟಿದೆ. ಜನ ನಕ್ರು. ಅವನು ಹೋರಿ ಕಾಲ ಹತ್ರ ಬಿದ್ದ. ಜನ ನಗು ನಿಲ್ಲಿಸಿದ್ರು. ಇನ್ನೂ ಒಂದು ಗಳಿಗೆ ನಗ್ತಾ ಇದ್ದೋನು ನಾನೊಬ್ಬನೇ.

ಆಸ್ಪತ್ರೇಲಿ ಗ್ಲೂಕೋಸ್ ಹತ್ತಿಸಿದ್ರು. ಅವನು ಕಣ್ಣು ಬಿಡೋವರೆಗೂ ನಾನು ಗೋಡೆ ನೋಡ್ತಾ ನಿಂತಿದ್ದೆ. ಡಾಕ್ಟರಮ್ಮ ಬಂದು, "ಶುಗರ್ ಪೂರ್ತಿ ಇಳಿದುಹೋಗಿತ್ತು. ಇನ್ನು ಸ್ವಲ್ಪ ತಡ ಆಗಿದ್ರೆ ಕಷ್ಟ ಇತ್ತು. ಎಲ್ಲಾ ಬಿಡಿ ಅಂದಿದ್ದು ಯಾರು?" ಅಂದ್ರು.

ಇಡೀ ಊರಿಗೆ ಬಾಯಿ ಮಾಡೋ ನಾನು ಬಗ್ಗಿ ಮಂಚದ ಕೆಳಗಿನ ಅವನ ಚಪ್ಪಲಿ ಜೋಡಿಸ್ತಾ ಕೂತೆ.

"ಯಾರೂ ಇಲ್ಲ ಕಣಮ್ಮ. ನಂದೇ ಕೊಬ್ಬು," ಅಂದ ಅವನು.

ಆಕೆ ಅತ್ತ ಹೋದ್ಮೇಲೆ, ದಿಂಬಿನ ಪಕ್ಕದ ಟವಲ್ ಎಳ್ಕೊಂಡು ನನ್ನ ಕೈ ಮೇಲೆ ಹಾಕ್ದ. ಒಳಗೆ ತಣ್ಣಗಿನ ಕೈ ತಡಕಾಡಿ ನನ್ನ ಒಂದು ಬೆರಳನ್ನ ಅರ್ಧಕ್ಕೆ ಹಿಡ್ಕೊಳ್ತು.

"ಆಯ್ತಪ್ಪ. ಅರ್ಧ," ಅಂದೆ.

ರೇಟು ಕುದುರಿದ್ಮೇಲೆ ಕೈ ಬಿಡಬೇಕು, ಅದು ಸಂತೆ ನೇಮ. ಅವನು ಹಂಗೇ ನಿದ್ದೆ ಹೋದ, ಕೈ ಬಿಡ್ಲಿಲ್ಲ. ನಾನೂ ಬಿಡಿಸ್ಕೊಳ್ಲಿಲ್ಲ.